ಮೂಲೆ ಎತ್ತಿದ ಚೀಟಿ

ಅವಳಿಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಅವಳೂ ಅದನ್ನು ಎಂದೂ ಮುಚ್ಚಿಟ್ಟವಳಲ್ಲ. ನಾಲ್ಕು ವರ್ಷದವಳಿದ್ದಾಗ ತಂಗಿ ಹುಟ್ಟಿದಳು. ತೊಟ್ಟಿಲಿನೊಳಗೆ ಬಗ್ಗಿ ನೋಡಿ, "ನೋಡಿದ್ದಾಯ್ತಲ್ಲ, ಇನ್ನು ಇದನ್ನ ವಾಪಸ್ ಕೊಟ್ಟು ಬನ್ನಿ" ಅಂದಳಂತೆ. ತಂಗಿಯ ತಲೆಗೂ ಈಗ ನರೆ ಬಂದಿದೆ. ಆ ಮಾತನ್ನು ಇವತ್ತಿಗೂ ಹೇಳಿಕೊಂಡು ನಗುತ್ತಾಳೆ. ಇವಳು ಮಾತ್ರ ನಗುವುದಿಲ್ಲ.

ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳದು ಇಪ್ಪತ್ತನಾಲ್ಕು ವರ್ಷದ ಕೆಲಸ. ಅಲ್ಲಿ ಅವಳ ಹೆಸರು ಪಟಾಕಿ. ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ಈ ಹೆಸರು ಬಂತು ಎಂದು ಹೊಸಬರು ತಿಳಿಯುತ್ತಾರೆ. ಅದು ಅರ್ಧ ನಿಜ. ಇನ್ನರ್ಧ ಅವಳ ಕೈಯಲ್ಲಿತ್ತು. ಒಗೆದು ಒಣಗಿಸಿದ ಹಾಸಿಗೆ ಬಟ್ಟೆಯ ಎರಡು ತುದಿ ಹಿಡಿದು, ಎದುರಿಗೆ ನಿಂತವಳು ಇನ್ನೆರಡು ತುದಿ ಹಿಡಿದಾಗ, ಪಟಾಕಿ ಒಮ್ಮೆ ಹಿಂದಕ್ಕೆ ವಾಲಿ ಎಳೆದಳೆಂದರೆ "ಫಟ್" ಎಂದು ಇಡೀ ಕೋಣೆಗೆ ಕೇಳುತ್ತಿತ್ತು. ಒಂದೇ ಏಟಿಗೆ ಸುಕ್ಕೆಲ್ಲ ಮಾಯ. ಅವಳು ಎಳೆದ ಬಟ್ಟೆಯನ್ನು ಇಸ್ತ್ರಿ ಉರುಳೆಗೆ ಹಾಕುವುದೇ ಬೇಡ ಎಂದು ಮೇಸ್ತ್ರಿ ಹೇಳುತ್ತಿದ್ದ. ಆ ಫಟ್ ಅಂದರೆ ಅವಳಿಗೆ ಎಲ್ಲಿಲ್ಲದ ಜಂಭ.

ಎದುರಿಗೆ ನಿಂತು ಇನ್ನೆರಡು ತುದಿ ಹಿಡಿಯುತ್ತಿದ್ದವಳು ಗುಬ್ಬಿ. ಆಳು ಕುಳ್ಳಿ, ದನಿ ಸಣ್ಣದು, ತಿನ್ನುವುದೂ ಅಷ್ಟಕ್ಕಷ್ಟೇ, ಹಾಗಾಗಿ ಗುಬ್ಬಿ. ಇಬ್ಬರೂ ಒಂದೇ ವಾರ ಕೆಲಸಕ್ಕೆ ಸೇರಿದವರು, ಒಂದೇ ಚರ್ಚಿನ ಸಭೆಗೆ ಹೋಗುವವರು, ಭಾನುವಾರದ ಆರಾಧನೆಯಲ್ಲಿ ಎಡಗಡೆಯ ನಾಲ್ಕನೆಯ ಬೆಂಚಿನಲ್ಲಿ ಒತ್ತಿಕೊಂಡು ಕೂರುವವರು. ಹಾಸಿಗೆ ಬಟ್ಟೆ ಮಡಚುವುದು ಒಬ್ಬರ ಕೆಲಸವಲ್ಲ, ನಾಲ್ಕು ಕೈ ಬೇಕು. ಎಳೆಯುವುದು, ಉದ್ದಕ್ಕೆ ಮಡಚುವುದು, ಮತ್ತೊಮ್ಮೆ ಮಡಚುವುದು, ಆಮೇಲೆ ಇಬ್ಬರೂ ಒಬ್ಬರ ಕಡೆಗೊಬ್ಬರು ನಡೆದು ಬಂದು ತುದಿಗೆ ತುದಿ ಸೇರಿಸುವುದು. ತುದಿ ಸೇರುವಾಗ ಬೆರಳಿಗೆ ಬೆರಳು ತಾಗುತ್ತದೆ. ದಿನಕ್ಕೆ ಇನ್ನೂರು, ಮುನ್ನೂರು ಸಲ. ಗಂಡನ ಕೈಯನ್ನು ಮದುವೆಯಾದಾಗಿನಿಂದ ಅಷ್ಟು ಸಲ ಮುಟ್ಟಿಲ್ಲ ಎಂದು ಪಟಾಕಿ ತಮಾಷೆ ಮಾಡುತ್ತಿದ್ದಳು.

ಆ ವಿಭಾಗ ಇರುವುದು ನೆಲಮಾಳಿಗೆಯಲ್ಲಿ. ಕಿಟಕಿಗಳು ಸೂರಿನ ಹತ್ತಿರ, ಹೊರಗಿನ ರಸ್ತೆಯ ಮಟ್ಟಕ್ಕೆ. ಒಳಗಿನವರಿಗೆ ಕಾಣುವುದು ಹೋಗಿಬರುವವರ ಪಾದ ಮಾತ್ರ. ಆ ಪಾದ ನೋಡಿಯೇ ಇಬ್ಬರೂ ಕತೆ ಕಟ್ಟುತ್ತಿದ್ದರು. "ನೋಡೇ ನೋಡೇ, ಓಡ್ತಿದಾನೆ. ಅಪ್ಪ ಆಗಿದಾನೆ ಕಣೇ." "ಇಲ್ಲ ಕಣೆ, ಬಸ್ ಹೊರಟಿದೆ ಅಷ್ಟೇ." ಹೊಳಪು ಬೂಟಿನವರೆಲ್ಲ ಡಾಕ್ಟರು, ಕಾಲು ಎಳೆಯುತ್ತಾ ಹೋಗುವವರನ್ನು ಕಂಡರೆ ಗುಬ್ಬಿ ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದು, ಪಕ್ಕದ ಮನೆಯವರ ಜೊತೆ ಮಾತಾಡಿದಂತೆ, "ಸ್ವಾಮಿ, ಅವರನ್ನ ಸ್ವಲ್ಪ ನೋಡ್ಕೊ" ಅನ್ನುತ್ತಿದ್ದಳು. ಮಡಚಿ ಮುಗಿದ ಪ್ರತಿ ಬಟ್ಟೆಯ ಮೇಲೂ ಒಮ್ಮೆ ಕೈ ಸವರಿ, "ಇದರ ಮೇಲೆ ಯಾರು ಮಲಗ್ತಾರೋ, ಅವರ ಪಕ್ಕ ನೀನೇ ಕೂತಿರು" ಅನ್ನುತ್ತಿದ್ದಳು. ಅವಳಿಗೆ ಯೇಸು ಅಂದರೆ ಪಟದಲ್ಲಿ ಇರುವವನಲ್ಲ. ಸೋಪಿನ ಪುಡಿಯ ಡಬ್ಬದ ಮೇಲೆ ಕೂತು ಇವಳ ಕೆಲಸ ಮುಗಿಯುವುದನ್ನೇ ಕಾಯುತ್ತಿರುವ ಗೆಳೆಯ. ಅದನ್ನು ಕಂಡರೂ ಪಟಾಕಿಗೆ ಒಂದಿಷ್ಟು ಹೊಟ್ಟೆ ಉರಿಯುತ್ತಿತ್ತು. ಆ ಸಲಿಗೆ ಅವಳಿಗೆ ಬರುತ್ತಿರಲಿಲ್ಲ. ಅವಳು ಮೊಣಕಾಲೂರಿದರೆ ಎರಡು ವಾಕ್ಯಕ್ಕೆ ಮಾತು ಮುಗಿದು ಮಂಡಿ ನೋವು ಶುರುವಾಗುತ್ತಿತ್ತು. ಆದರೂ ಪರವಾಗಿಲ್ಲ, ದೇವರ ಗೆಳತಿ ತನ್ನ ಗೆಳತಿಯಲ್ಲವೇ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಹೀಗಿರುವಾಗ ಹೊಸಬಳು ಬಂದಳು.

ಮೂವತ್ತೆರಡರ ಹೆಂಗಸು, ಬೇರೆ ಊರಿನವಳು, ಗುರುತು ಪರಿಚಯ ಯಾರೂ ಇಲ್ಲ. ಮಾತು ಕಡಿಮೆ, ನಗು ಜಾಸ್ತಿ. ಬಂದ ಎರಡನೆಯ ವಾರವೇ ಮೇಸ್ತ್ರಿ ಹಲಗೆಯ ಮೇಲೆ ಕೆಲಸದ ಪಟ್ಟಿ ಬದಲಾಯಿಸಿದ. ಹಾಸಿಗೆ ಬಟ್ಟೆಗೆ ಗುಬ್ಬಿ ಮತ್ತು ಹೊಸಬಳು. ಪಟಾಕಿಗೆ ದಿಂಬಿನ ಚೀಲ.

"ಏನಯ್ಯಾ ಇದು?" ಅಂದಳು ಪಟಾಕಿ.

"ಮೇಲಿನವರ ತೀರ್ಮಾನ ಅಕ್ಕಾ," ಎಂದು ಮೇಸ್ತ್ರಿ ಕಣ್ಣು ತಪ್ಪಿಸಿದ.

ದಿಂಬಿನ ಚೀಲ ಮಡಚಲು ಇಬ್ಬರು ಬೇಡ. ಗೋಡೆಗೆ ಮುಖ ಮಾಡಿದ ಮೇಜು, ಪಕ್ಕದಲ್ಲಿ ರಾಶಿ, ಅಷ್ಟೇ. ಬೆನ್ನ ಹಿಂದೆ ಗುಬ್ಬಿಯೂ ಹೊಸಬಳೂ ಬಟ್ಟೆ ಹಿಡಿದು ಮೆಲ್ಲಗೆ, ಸದ್ದೇ ಇಲ್ಲದೆ ಮಡಚುತ್ತಿದ್ದರು. ಫಟ್ ಇಲ್ಲ, ಏನಿಲ್ಲ. "ಅದೇನು ಬಟ್ಟೆ ಮಡಚ್ತಿದಾರೋ ಮಗು ಮಲಗಿಸ್ತಿದಾರೋ," ಎಂದು ಪಟಾಕಿ ಗೋಡೆಗೆ ಕೇಳಿಸುವಂತೆ ಗೊಣಗಿದಳು. ಹಿಂದಿನಿಂದ ನಗು ಕೇಳಿದರೆ ಅವಳ ಕಿವಿ ನೆಟ್ಟಗಾಗುತ್ತಿತ್ತು. ನಗು ನಿಂತರೆ ತನ್ನ ಬಗ್ಗೆಯೇ ಪಿಸುಗುಡುತ್ತಿದ್ದಾರೆ ಅನ್ನಿಸುತ್ತಿತ್ತು. ಈಗ ಪಾದಗಳ ಕತೆಯನ್ನು ಗುಬ್ಬಿ ಆ ಮಹರಾಯಿತಿಗೆ ಹೇಳುತ್ತಿದ್ದಳು! ಅವರಿಬ್ಬರ ಬೆರಳು ತಾಗುತ್ತಿರುತ್ತದಲ್ಲ, ದಿನಕ್ಕೆ ಮುನ್ನೂರು ಸಲ, ಅದನ್ನು ನೆನೆದರೆ ಪಟಾಕಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ನಲವತ್ತೆಂಟು ವರ್ಷದ ಹೆಂಗಸು, ನೀವು ನಗಬಹುದು. ನಿಮ್ಮ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಿದಾಗ ನಗಿ ನೋಡೋಣ.

ಗುಬ್ಬಿ ಸುಮ್ಮನಿರಲಿಲ್ಲ. ಹೊಸಬಳನ್ನು ಸಭೆಗೂ ಕರೆದುಕೊಂಡು ಬಂದಳು. ನಾಲ್ಕನೆಯ ಬೆಂಚಿನಲ್ಲಿ ಇಬ್ಬರ ಜಾಗಕ್ಕೆ ಮೂವರಾದರು, ಅದೂ ಗುಬ್ಬಿ ನಡುವೆ. ಒಂದು ಭಾನುವಾರ ಪಾದ್ರಿಗಳು ದೇವರ ಸ್ನೇಹದ ಬಗ್ಗೆ ಹೇಳಿದರು. ಸ್ವಾಮಿ ಯಾರನ್ನೂ ಆಳಿನಂತೆ ನೋಡುವವನಲ್ಲ, ಎಲ್ಲರನ್ನೂ ಸ್ನೇಹಿತರನ್ನಾಗಿ ಮಾಡಿಕೊಳ್ಳುತ್ತಾನೆ, ಆ ಪ್ರೀತಿಯನ್ನು ನಂಬಿ ಎಂದರು. ಗುಬ್ಬಿಯ ಕಣ್ಣು ಒದ್ದೆಯಾಯಿತು. ಪಟಾಕಿ ಮುಖ ಊದಿಸಿಕೊಂಡು ಮನೆಗೆ ಬಂದಳು.

ಅವಳ ಗಂಡ ಬೀಗ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವನು ಒಂದು ಕೀಲಿಯನ್ನು ಅರದಿಂದ ಉಜ್ಜುತ್ತಾ ಕೂತಿದ್ದ.

"ಊರಿಗೆಲ್ಲಾ ಸ್ನೇಹಿತ ಅಂದ್ರೆ ನನಗೇನು ಬಂತು ಹೇಳಿ," ಎಂದು ಶುರು ಮಾಡಿದಳು. "ನನ್ನನ್ನ ಪ್ರೀತಿಸಿದಷ್ಟೇ ಎದುರು ಮನೆಯವಳನ್ನೂ ಪ್ರೀತಿಸ್ತಾನೆ ಅಂದ್ರೆ ಅದು ಪ್ರೀತಿನಾ? ಸ್ವಾಮಿಗೆ ಹನ್ನೆರಡು ಜನ ಶಿಷ್ಯರಿದ್ರಲ್ಲ, ಕೊನೆಯ ಊಟದಲ್ಲಿ ಎದೆಗೆ ಒರಗಿ ಕೂತವನು ಒಬ್ಬನೇ ತಾನೇ? ಹನ್ನೆರಡೂ ಜನಕ್ಕೂ ಎದೆ ಕೊಟ್ನಾ?"

ಗಂಡ ಕೀಲಿಯನ್ನು ಬೆಳಕಿಗೆ ಹಿಡಿದು ನೋಡಿದ. "ಒಂದೇ ಬೀಗಕ್ಕೆ ಮನೇಲಿ ಐದು ಜನ ಐದು ಕೀಲಿ ಇಟ್ಕೊಂಡಿರ್ತಾರೆ. ಬೀಗ ಯಾರಿಗೂ ಕಮ್ಮಿ ತೆಗೆಯಲ್ವಲ್ಲೇ."

"ನಿಮ್ಮ ಬೀಗದ ಮನೆ ಹಾಳಾಯ್ತು. ನಾನು ಮನುಷ್ಯರ ಮಾತಾಡ್ತಿದೀನಿ," ಅಂದಳು ಪಟಾಕಿ.

ಇನ್ನು ಚೀಟಿಯ ವಿಷಯ. ಅವರ ಸಭೆಯ ಹೆಂಗಸರ ಕೂಟದಲ್ಲಿ ಈಗ ಹೊಸಬಳೂ ಸೇರಿ ಹತ್ತೊಂಬತ್ತು ಜನ. ವರ್ಷದ ಮೊದಲ ಭಾನುವಾರ ಎಲ್ಲರ ಹೆಸರನ್ನೂ ಚೀಟಿಯಲ್ಲಿ ಬರೆದು, ಮಡಚಿ, ಒಂದು ಅಗಲ ಬಾಯಿಯ ಪಾತ್ರೆಗೆ ಹಾಕುತ್ತಾರೆ. ಒಬ್ಬೊಬ್ಬರೂ ಕಣ್ಣು ಮುಚ್ಚಿ ಒಂದೊಂದು ಎತ್ತಬೇಕು. ಯಾರ ಹೆಸರು ಬಂತೋ ಅವರಿಗಾಗಿ ವರ್ಷವಿಡೀ ದಿನಾ ದೇವರಲ್ಲಿ ಕೇಳಬೇಕು. ಯಾರ ಹೆಸರು ಬಂತೆಂದು ಬಾಯಿ ಬಿಡುವ ಹಾಗಿಲ್ಲ. ಅವರಿಗೆ ಏನು ಕಷ್ಟ, ಏನು ಬೇಕು ಅನ್ನುವುದನ್ನು ಹತ್ತಿರ ಸುಳಿದಾಡಿ ತಿಳಿದುಕೊಳ್ಳಬೇಕು. ಇನ್ನೊಂದು ಗಟ್ಟಿ ನಿಯಮ ಇತ್ತು: ಆ ವರ್ಷ ತನಗಾಗಿ ತಾನು ಏನನ್ನೂ ಕೇಳಿಕೊಳ್ಳಬಾರದು. ನನಗಾಗಿ ಯಾರೋ ಕೇಳುತ್ತಿದ್ದಾರೆ ಎಂದು ನಂಬಿ ಇರಬೇಕು. ವರ್ಷದ ಕೊನೆಯ ಭಾನುವಾರ ಒಬ್ಬೊಬ್ಬರೇ ಎದ್ದು ನಿಂತು, ತನಗೆ ಬಂದದ್ದು ಯಾರ ಹೆಸರು, ತಾನು ಏನು ಕೇಳಿದೆ ಎಂದು ಹೇಳುತ್ತಾರೆ. ಅಲ್ಲಿ ಅಳು ನಗು ಎಲ್ಲಾ ಆಗುತ್ತದೆ.

ಚೀಟಿ ಬರೆದು ಮಡಚುವುದು ಪಟಾಕಿಯ ಕೆಲಸ. ಅವಳ ಅಕ್ಷರ ದುಂಡಗೆ, ಮಡಿಕೆ ಅಚ್ಚುಕಟ್ಟು. ಬರೆದವಳು ಕೊನೆಯಲ್ಲಿ ಉಳಿದದ್ದನ್ನು ತೆಗೆದುಕೊಳ್ಳಬೇಕು. ಆ ವರ್ಷ ಚೀಟಿ ಮಡಚುವಾಗ ಅವಳ ತಲೆಗೊಂದು ಉಪಾಯ ಹೊಳೆಯಿತು. ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಗೆ ಹೋಗುವ ಹಸಿರು ಬಟ್ಟೆಯ ಮಡಿಕೆ ಬೇರೆ. ಮಡಚಿ ಮುಗಿದ ಮೇಲೆ ಮೇಲಿನ ಒಂದು ಮೂಲೆಯನ್ನು ಉಗುರಿನಷ್ಟು ಹಿಂದಕ್ಕೆ ತಿರುಗಿಸಿ ಎತ್ತಿ ನಿಲ್ಲಿಸುತ್ತಾರೆ. ಕೈ ತೊಳೆದು ನಿಂತ ನರ್ಸ್ ಆ ಮೂಲೆ ಒಂದನ್ನೇ ಹಿಡಿದು ಎತ್ತಬೇಕು, ಉಳಿದ ಬಟ್ಟೆಗೆ ಕೈ ತಾಗಬಾರದು. ಇಪ್ಪತ್ತನಾಲ್ಕು ವರ್ಷ ಆ ಮೂಲೆ ಎತ್ತಿದ ಬೆರಳು ಗುಬ್ಬಿಯದು. ಕತ್ತಲಲ್ಲೂ ಅವಳಿಗೆ ಗೊತ್ತಾಗುತ್ತದೆ. ಪಟಾಕಿ ತನ್ನ ಹೆಸರಿನ ಚೀಟಿಯನ್ನು ಹಾಗೇ ಮಡಚಿ ಮೂಲೆ ಎತ್ತಿದಳು. ಗುಬ್ಬಿಗೆ ತನ್ನ ಹೆಸರು ಬಂದರೆ ವರ್ಷವಿಡೀ ಅವಳು ತನ್ನ ಹತ್ತಿರ ಸುಳಿದಾಡಲೇಬೇಕು. ಆಗ ಆ ಮಹರಾಯಿತಿ ಗೋಡೆ ನೋಡುತ್ತಾ ಕೂರಲಿ. ದೇವರ ಮನೆಯಲ್ಲಿ ಕಳ್ಳಾಟ ಎಂದು ಒಂದು ಕ್ಷಣ ಅನ್ನಿಸಿತು. ಒಂದೇ ಕ್ಷಣ.

ಪಾತ್ರೆ ಹಿಡಿದು ತಿರುಗಿದವಳೂ ಅವಳೇ. ಮೂಲೆ ಎತ್ತಿದ ಚೀಟಿಯನ್ನು ತನ್ನ ಹೆಬ್ಬೆರಳಿನ ಪಕ್ಕಕ್ಕೆ ಇಟ್ಟುಕೊಂಡು, ಗುಬ್ಬಿಯ ಸರದಿ ಬಂದಾಗ ಪಾತ್ರೆಯನ್ನು ಸ್ವಲ್ಪ ವಾಲಿಸಿದಳು. ಗುಬ್ಬಿ ಕಣ್ಣು ಮುಚ್ಚಿ ಕೈ ಹಾಕಿದಳು. ಬೆರಳು ಆ ಚೀಟಿಯ ಮೇಲೇ ಬಂತು. ಮೂಲೆಯನ್ನು ಮುಟ್ಟಿತು, ನಿಂತಿತು, ಇನ್ನೊಮ್ಮೆ ಸವರಿತು. ಗುಬ್ಬಿ ಅದನ್ನು ಬಿಟ್ಟು ಪಕ್ಕದ ಚೀಟಿ ಎತ್ತಿಕೊಂಡಳು.

ಗೊತ್ತಾಗದೆ ಬಿಟ್ಟಿದ್ದರೆ ಬೇರೆ ಮಾತು. ಗೊತ್ತಾಗಿಯೂ ಬಿಟ್ಟಳು, ಬೇಕೆಂತಲೇ ಬಿಟ್ಟಳು! ಮುಂದಿನ ಸರದಿ ಹೊಸಬಳದು. ಅವಳ ಬೆರಳೂ ಈ ಕೆಲವು ತಿಂಗಳಲ್ಲಿ ಮೂಲೆ ಕಲಿತಿತ್ತು. ಸೀದಾ ಅದನ್ನೇ ಎತ್ತಿದಳು. ಬಿಚ್ಚಿ ಓದಿ, ತಲೆ ಎತ್ತಿ ಪಟಾಕಿಯ ಕಡೆ ನೋಡಿ, ಬೇಗ ಕಣ್ಣು ತಗ್ಗಿಸಿದಳು. ಕೊನೆಗೆ ಪಾತ್ರೆಯ ತಳದಲ್ಲಿ ಉಳಿದ ಒಂದು ಚೀಟಿಯನ್ನು ಪಟಾಕಿ ಮನೆಗೆ ತಂದು ಅಡುಗೆ ಕೋಣೆಯ ಮೂಲೆಯಲ್ಲಿ ಬಿಚ್ಚಿ ನೋಡಿದಳು. ಗುಬ್ಬಿಯ ಹೆಸರು. ಅವಳದೇ ದುಂಡಗಿನ ಅಕ್ಷರ.

"ಚೆನ್ನಾಗಿ ಆಟ ಆಡಿಸ್ತಿದೀಯ," ಎಂದು ದೇವರಿಗೆ ಹೇಳಿದಳು. "ಅವಳು ನನ್ನನ್ನ ಬಿಟ್ಟಳು. ನಾನು ಅವಳಿಗಾಗಿ ಬೇಡಬೇಕಾ? ಆಗಲ್ಲ ಹೋಗು."

ಆ ವರ್ಷ ಅವಳು ಗುಬ್ಬಿಗಾಗಿ ಬೇಡಲಿಲ್ಲ. ದೇವರ ಜೊತೆ ಮಾತಾಡಲಿಲ್ಲ ಎಂದಲ್ಲ, ದಿನಾ ಮಾತಾಡಿದಳು, ಎಂದೂ ಇಲ್ಲದಷ್ಟು ಹೊತ್ತು. ಮಂಡಿ ನೋವೂ ನೆನಪಾಗಲಿಲ್ಲ. ಆ ಹೊಸಬಳಿಗೆ ದೂರದ ಊರಲ್ಲಿ ಒಳ್ಳೇ ಕೆಲಸ ಕೊಡು, ನಾನು ಕೆಟ್ಟದ್ದು ಕೇಳ್ತಿಲ್ಲ, ಒಳ್ಳೇದೇ ಕೇಳ್ತಿದೀನಿ, ಆದರೆ ದೂರ. ನನ್ನ ಜಾಗ ನನಗೆ ವಾಪಸ್ ಕೊಡು. ನನ್ನ ಗೆಳತಿಯನ್ನ ನನಗೆ ಕೊಡು. ತನಗಾಗಿ ಕೇಳಬಾರದೆಂಬ ನಿಯಮ ಮೂಲೆಗೆ ಬಿತ್ತು. ಹತ್ತು ಮಾತಿನಲ್ಲಿ ಒಂಬತ್ತು 'ನನಗೆ'.

ಹೊಸಬಳಂತೂ ಬೆನ್ನು ಬಿಡಲಿಲ್ಲ. "ಅಕ್ಕಾ, ಕೂತ್ಕೊಳಿ, ಈ ಕುರ್ಚಿ ಗಟ್ಟಿ ಇದೆ." "ಅಕ್ಕಾ, ಇವತ್ತು ಯಾಕೋ ಸಪ್ಪಗಿದೀರಿ." ಚೀಟಿಯ ಬಾಧ್ಯತೆಗೆ ಮಾಡುತ್ತಿದ್ದಾಳೆ ಎಂದು ಗೊತ್ತಿದ್ದ ಪಟಾಕಿ ಮೂಗು ಮುರಿದು, "ನಿನ್ನ ಕೆಲಸ ನೀನು ನೋಡ್ಕೊಳಮ್ಮ ತಾಯಿ," ಅನ್ನುತ್ತಿದ್ದಳು. ಗುಬ್ಬಿಯೂ ಊಟದ ಹೊತ್ತಿಗೆ ಡಬ್ಬಿ ಹಿಡಿದು ಪಕ್ಕಕ್ಕೆ ಬಂದು ಕೂತಳು, ಒಮ್ಮೆಯಲ್ಲ, ಮೂರು ಸಲ. "ನಿನ್ನ ಹತ್ರ ಒಂದು ಮಾತು ಹೇಳ್ಬೇಕಿತ್ತು ಕಣೇ," ಅಂದಳು. ಮೂರು ಸಲವೂ ಪಟಾಕಿ ಡಬ್ಬಿ ಮುಚ್ಚಿಕೊಂಡು ಎದ್ದಳು. "ನಿನ್ನ ಹೊಸ ಜೊತೆಗಾತಿ ಇದಾಳಲ್ಲ, ಅವಳಿಗೆ ಹೇಳು," ಅಂದಳು. ಮೂರನೆಯ ಸಲ ಗುಬ್ಬಿಯ ಮುಖ ಸಣ್ಣದಾದದ್ದು ಕಂಡು ಪಟಾಕಿಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ತಣ್ಣಗಾಯಿತು.

ವರ್ಷದ ಕೊನೆಯ ಭಾನುವಾರಕ್ಕೆ ಎರಡು ವಾರ ಇದ್ದಾಗ ಒಂದು ಬೆಳಿಗ್ಗೆ ಹೊಸಬಳು ಜ್ವರ ಬಂದು ರಜೆ ಹಾಕಿದಳು. ಬಟ್ಟೆಯ ರಾಶಿ ಸೂರು ಮುಟ್ಟುತ್ತಿತ್ತು. ಮೇಸ್ತ್ರಿ ತಲೆ ಕೆರೆದುಕೊಂಡು, ಗುಬ್ಬಿಯ ಮುಖ ಒಮ್ಮೆ ನೋಡಿ, "ಪಟಾಕಿ ಅಕ್ಕಾ, ಇವತ್ತೊಂದಿನ ನೀವೇ ಬನ್ನಿ," ಅಂದ.

ಪಟಾಕಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೇಳಿದ್ದು ಸಿಕ್ಕಿತು! ಸಿಟ್ಟೆಲ್ಲ ಎಲ್ಲಿ ಹೋಯಿತೋ. ಹೋಗಿ ತನ್ನ ಹಳೆಯ ಜಾಗದಲ್ಲಿ ನಿಂತಳು, ನೆಲದ ಟೈಲು ಕೂಡ ಅವಳ ಚಪ್ಪಲಿಗೆ ಅಲ್ಲೇ ಸವೆದಿತ್ತು. ಗುಬ್ಬಿ ಎದುರಿಗೆ ನಿಂತು ತುದಿ ಹಿಡಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಪಟಾಕಿ ಹಿಂದಕ್ಕೆ ವಾಲಿ, ಒಂದೂವರೆ ವರ್ಷದ ಆಸೆಯನ್ನೆಲ್ಲ ಕೂಡಿಸಿ ಎಳೆದಳು. ಫಟ್! ಇಡೀ ಕೋಣೆ ತಿರುಗಿ ನೋಡಿತು.

ಗುಬ್ಬಿಯ ಬಾಯಿಂದ ಒಂದು ಸಣ್ಣ ಕೂಗು ಬಂತು. ಬಟ್ಟೆ ಕೈಬಿಟ್ಟಳು. ಬಲ ಭುಜ ಹಿಡಿದುಕೊಂಡು ಹಾಗೇ ನೆಲಕ್ಕೆ ಕುಸಿದು ಕೂತಳು. ತುಟಿ ಬಿಳಿಚಿತ್ತು.

"ಏನಾಯ್ತೇ? ಏನಾಯ್ತು?" ಪಟಾಕಿ ಓಡಿ ಬಂದು ಪಕ್ಕದಲ್ಲಿ ಕೂತಳು. ಉತ್ತರ ಕೊಟ್ಟವನು ಮೇಸ್ತ್ರಿ. "ಒಂದೂವರೆ ವರ್ಷ ಆಯ್ತು ಅಕ್ಕಾ. ಭುಜದ ಕೀಲು ಸವೆದಿದೆ, ಎಳೆತ ಜಗ್ಗಾಟ ಕೂಡದು ಅಂತ ಡಾಕ್ಟರ್ ಹೇಳಿದಾರೆ. ಮೇಲಿನವರ ತೀರ್ಮಾನ ಅಂದೆನಲ್ಲ, ಅದು ಸುಳ್ಳು. ಇವರೇ ಬಂದು ಕೇಳ್ಕೊಂಡಿದ್ದು. ನಿಮಗೆ ಹೇಳ್ಬೇಡಿ ಅಂದ್ರು."

ಪಟಾಕಿ ಗುಬ್ಬಿಯ ಕಡೆ ತಿರುಗಿದಳು. "ನನಗ್ಯಾಕೆ ಹೇಳ್ಲಿಲ್ಲ?" ಅಂದಳು.

"ಮೊದಲು ಹೇಳ್ಬಾರ್ದು ಅಂತಿದ್ದೆ," ಅಂದಳು ಗುಬ್ಬಿ, ಉಸಿರು ಸುಧಾರಿಸಿಕೊಳ್ಳುತ್ತಾ. "ಆ ಫಟ್ ಅಂದ್ರೆ ನಿನಗೆ ಎಷ್ಟು ಜಂಭ! ಅದೇ ನನ್ನ ಭುಜ ತಿಂತಿದೆ ಅಂತ ಹೇಗೆ ಹೇಳ್ಲಿ? ಆಮೇಲೆ ತಡೀಲಾರದೆ ಹೇಳೋಣ ಅಂತ ಬಂದೆ. ನೀನು ಡಬ್ಬಿ ಮುಚ್ಕೊಂಡು ಎದ್ದೆ."

"ಅವಳಿಗೆ ಹೇಳಿದೀಯ ತಾನೇ? ನಿನ್ನ ಜೊತೆಗಾತಿಗೆ?" ಆ ಹೊತ್ತಿನಲ್ಲೂ ಕೇಳದೆ ಇರಲಾಗಲಿಲ್ಲ ನೋಡಿ.

"ಯಾರಿಗೂ ಹೇಳಿಲ್ಲ. ಮೆಲ್ಲಗೆ ಹಿಡಿಯಮ್ಮ ಅಂದೆ, ಅವಳು ಯಾಕೆ ಅಂತ ಕೇಳದೆ ಮೆಲ್ಲಗೆ ಹಿಡಿದ್ಳು." ಗುಬ್ಬಿ ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. "ಈ ವರ್ಷ ನನಗಾಗಿ ನಾನೂ ಕೇಳ್ಕೊಳ್ಳೋ ಹಾಗಿಲ್ವಲ್ಲ. ಕೇಳ್ಲಿಲ್ಲ. ಆದ್ರೆ ಯಾರಿಗೋ ನನ್ನ ಹೆಸರು ಬಂದಿದೆ ಕಣೇ. ಅವರು ದಿನಾ ಕೇಳ್ತಾ ಇರ್ತಾರೆ. ಅದಕ್ಕೇ ಬೆಳಿಗ್ಗೆ ಎದ್ದಾಗ ಏಳದ ಕೈ, ಕೆಲಸದ ಹೊತ್ತಿಗೆ ಏಳ್ತಿದೆ. ಯಾರೋ ಏನೋ, ಪುಣ್ಯಾತ್ಗಿತ್ತಿ."

ಪಟಾಕಿಗೆ ಆ ನೆಲಮಾಳಿಗೆಯ ನೆಲವೇ ಇನ್ನಷ್ಟು ಕೆಳಗೆ ಹೋಗಬಾರದೇ ಅನ್ನಿಸಿತು. ಗುಬ್ಬಿಯನ್ನು ಮೇಲಿನ ಮಹಡಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು, ಕೂರಿಸಿದಳು, ನೀರು ತಂದುಕೊಟ್ಟಳು. ಆದರೆ "ಆ ಪುಣ್ಯಾತ್ಗಿತ್ತಿ ನಾನೇ" ಅನ್ನುವ ಮಾತು ಮಾತ್ರ ಹೇಳಲಿಲ್ಲ.

ಮುಂದಿನ ಎರಡು ವಾರ ಅವಳು ಗುಬ್ಬಿಗಾಗಿ ಬೇಡಿದ್ದೇ ಬೇಡಿದ್ದು. ದಿಂಬಿನ ಚೀಲ ಒಂದೊಂದಕ್ಕೂ ಒಂದೊಂದು ಸಲ. ಆದರೆ ಹಿಂದಿನ ಐವತ್ತು ವಾರ ಎಲ್ಲಿಂದ ತರುವುದು? ಭಾನುವಾರ ಎದ್ದು ನಿಂತು ಏನು ಹೇಳುವುದು? ಸುಳ್ಳು ಹೇಳುವುದು ಬಲು ಸುಲಭವಿತ್ತು. "ನನಗೆ ಬಂದದ್ದು ಗುಬ್ಬಿ, ದಿನಾ ಅವಳ ಭುಜಕ್ಕಾಗಿ ಕೇಳಿದೆ" ಎಂದರೆ ಯಾರು ಇಲ್ಲ ಅನ್ನುತ್ತಾರೆ? ಗುಬ್ಬಿ ಬಂದು ತಬ್ಬಿಕೊಳ್ಳುತ್ತಾಳೆ. ಹೊಸಬಳು ಮೂಲೆಗೆ ಸರಿಯುತ್ತಾಳೆ. ಕಳೆದುಕೊಂಡದ್ದೆಲ್ಲ ಒಂದೇ ವಾಕ್ಯಕ್ಕೆ ವಾಪಸ್. ನಿಜ ಹೇಳಿದರೆ ಇಪ್ಪತ್ತನಾಲ್ಕು ವರ್ಷದ ಗೆಳತಿ ಹೋದಳು, ಅಷ್ಟೇ.

ಭಾನುವಾರ ಆರಾಧನೆ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಹತ್ತೊಂಬತ್ತು ಕುರ್ಚಿ ಸುತ್ತಲೂ ಹಾಕಿದ್ದರು. ನಡುವೆ ಉದ್ದನೆಯ ಮೇಜು, ಬಿಳಿಯ ಹಾಸು. ಪಾದ್ರಿಯ ಹೆಂಡತಿ ಮೊದಲು ಎದ್ದರು, ಆಮೇಲೆ ಒಬ್ಬೊಬ್ಬರೇ. ಹೊಸಬಳ ಸರದಿ ಬಂತು. ಎದ್ದು ನಿಂತವಳು ಸೆರಗಿನ ತುದಿ ಸುರುಳಿ ಸುತ್ತುತ್ತಾ ಹೇಳಿದಳು.

"ನನಗೆ ಬಂದಿದ್ದು ಪಟಾಕಿ ಅಕ್ಕ. ಏನು ಕೇಳ್ಬೇಕೋ ಗೊತ್ತಾಗ್ಲಿಲ್ಲ, ಅಕ್ಕ ಹತ್ರ ಸೇರಿಸ್ತಿರ್ಲಿಲ್ಲ. ಅವರ ಜಾಗಕ್ಕೆ ನಾನು ಬಂದೆ ಅಂತ ಗೊತ್ತಿತ್ತು. ಅದಕ್ಕೇ, ಅವರ ಜಾಗ ಅವರಿಗೆ ಸಿಗಲಿ ಅಂತ ಕೇಳ್ದೆ. ದಿನಾ ಅದನ್ನೇ ಕೇಳ್ದೆ."

ಪಟಾಕಿ ತಲೆ ತಗ್ಗಿಸಿದಳು. ತಾನು ದಿನಾ ಕೇಳಿದ್ದನ್ನೇ ಅವಳೂ ಕೇಳುತ್ತಿದ್ದಳು, ತನ್ನ ಕೆಲಸ ಹೋದರೂ ಹೋಗಲಿ ಎಂದು. ಇದಕ್ಕೂ ಹೊಟ್ಟೆಕಿಚ್ಚು ಪಡುವುದಾದರೆ ಹೇಗೆ ಪಡಬೇಕೋ ಅವಳಿಗೆ ತಿಳಿಯಲಿಲ್ಲ.

ಕೊನೆಯ ಸರದಿ ಅವಳದೇ. ಎದ್ದು ನಿಂತಳು. ಆಜಾನುಬಾಹು ಹೆಂಗಸು, ಕೋಣೆಯಲ್ಲಿ ಎಲ್ಲರಿಗಿಂತ ಎತ್ತರ, ಅವತ್ತು ಎಲ್ಲರಿಗಿಂತ ಕುಗ್ಗಿದ್ದಳು. ಗುಬ್ಬಿ ಕೈಯನ್ನು ಪಟ್ಟಿಯಲ್ಲಿ ಕಟ್ಟಿಕೊಂಡು ಎದುರಿಗೆ ಕೂತು ನಗುತ್ತಿದ್ದಳು. ತನ್ನ ಹೆಸರು ಇನ್ನೂ ಯಾರ ಬಾಯಲ್ಲೂ ಬಂದಿರಲಿಲ್ಲ, ಉಳಿದವಳು ಪಟಾಕಿ ಒಬ್ಬಳೇ. ಅವಳಿಗೆ ಆಗಲೇ ಗೊತ್ತಾಗಿತ್ತು. ಆ ನಗುವಿನ ಮುಂದೆ ಸುಳ್ಳು ಹೇಳುವುದು ಇನ್ನೂ ಸುಲಭವಾಯಿತು.

"ನನಗೆ ಬಂದಿದ್ದು ಗುಬ್ಬಿ," ಅಂದಳು ಪಟಾಕಿ. "ನಾನು ಕೇಳ್ಲಿಲ್ಲ."

ಹದಿನೆಂಟೂ ಮುಖ ಅವಳ ಕಡೆ ತಿರುಗಿತು.

"ಒಂದು ದಿನಾನೂ ಕೇಳ್ಲಿಲ್ಲ. ಈ ಎರಡು ವಾರ ಬಿಡಿ, ಅದು ಹೆದರಿ ಕೇಳಿದ್ದು. ಅದಕ್ಕೆ ಮುಂಚೆ ಇಲ್ಲ. ನನ್ನ ಚೀಟಿಗೆ ಮೂಲೆ ಎತ್ತಿ ಇಟ್ಟಿದ್ದೆ, ಇವಳಿಗೆ ಸಿಗಲಿ ಅಂತ. ಇವಳು ಮುಟ್ಟಿ ನೋಡಿ ಬಿಟ್ಳು. ಅದಕ್ಕೆ ಸಿಟ್ಟು. ಯಾರೋ ದಿನಾ ಕೇಳ್ತಿದಾರೆ, ಅದಕ್ಕೇ ಕೈ ಏಳ್ತಿದೆ ಅಂದ್ಯಲ್ಲ ಗುಬ್ಬಿ. ಯಾರೂ ಕೇಳ್ಲಿಲ್ಲ ಕಣೇ. ಕೇಳ್ಬೇಕಾದವಳು ನಾನೊಬ್ಬಳೇ."

ಹೇಳಿ ಮುಗಿಸಿ ಹಾಗೇ ನಿಂತಳು. ಗುಬ್ಬಿಯ ನಗು ನಿಂತಿತ್ತು. ಪಟ್ಟಿಯೊಳಗಿನ ಕೈಯನ್ನು ನೋಡಿಕೊಂಡಳು.

"ಯಾರೂ ಕೇಳ್ಲಿಲ್ವಾ?" ಅಂದಳು ಗುಬ್ಬಿ ಮೆಲ್ಲಗೆ.

"ಇಲ್ಲ."

"ನಾನೂ ಕೇಳ್ಲಿಲ್ಲ, ನೀನೂ ಕೇಳ್ಲಿಲ್ಲ." ಗುಬ್ಬಿ ಎಡಗೈಯಿಂದ ಬಲಗೈ ಮುಟ್ಟಿಕೊಂಡಳು. "ಹಾಗಾದ್ರೆ ದಿನಾ ಬೆಳಿಗ್ಗೆ ಇದನ್ನ ಎತ್ತಿದ್ದು ಯಾರೇ? ಯಾರೂ ಕೇಳದೇನೇ ಎತ್ತಿದಾನಲ್ಲೇ!" ಮುಖದ ತುಂಬ ನೀರು ಹರಿಯುತ್ತಿತ್ತು, ಅದರ ನಡುವೆಯೇ ನಗು. ಪಟಾಕಿ ಅಂಥ ನಗುವನ್ನು ಹಿಂದೆ ಕಂಡಿರಲಿಲ್ಲ. ಆ ನಗು ತನ್ನದಲ್ಲ, ಹೊಸಬಳದೂ ಅಲ್ಲ, ಅದರಲ್ಲಿ ಪಾಲು ಕೇಳಲು ತಾನು ಯಾರೂ ಅಲ್ಲ ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದು ಮೊದಲ ಸಲ.

"ನನ್ನ ಮೇಲೆ ಸಿಟ್ಟಿಲ್ವಾ?"

"ಇದೆ. ತುಂಬಾ ಇದೆ. ಮನೆಗೆ ಬಾ, ಬೈತೀನಿ." ಗುಬ್ಬಿ ಎಡಗೈಯಿಂದ ಮುಖ ಒರೆಸಿಕೊಂಡಳು. "ಮೂಲೆ ಸಿಕ್ಕಿತ್ತು ಕಣೇ. ನಿನ್ನದೇ ಅಂತ ಗೊತ್ತಾಯ್ತು. ನಿನಗೋಸ್ಕರ ಕೇಳೋಕೆ ನನಗೆ ಚೀಟಿ ಬೇಕೇನೇ? ಇಪ್ಪತ್ತನಾಲ್ಕು ವರ್ಷದಿಂದ ಚೀಟಿ ನೋಡ್ಕೊಂಡು ಕೇಳಿದ್ನಾ? ನಿನಗೆ ನಾನೊಬ್ಬಳೇ ಇರೋದು. ಇನ್ನೊಬ್ಬರು ಸೇರಲಿ ಅಂತ ಬಿಟ್ಟೆ."

ಪಟಾಕಿ ಕುರ್ಚಿಯ ಮೇಲೆ ಧೊಪ್ಪನೆ ಕೂತು ಬಾಯಿಗೆ ಸೆರಗು ಒತ್ತಿಕೊಂಡಳು. ಪಕ್ಕದವರು ಯಾರೋ ಬೆನ್ನು ಸವರಿದರು. ಪಾದ್ರಿಯ ಹೆಂಡತಿ ಪ್ರಾರ್ಥನೆ ಮಾಡಿದರು. ಪಟಾಕಿ ಕಣ್ಣು ಮುಚ್ಚಿ ಏನೂ ಕೇಳಲಿಲ್ಲ. ಕೇಳಬೇಕು ಅನ್ನಿಸಲಿಲ್ಲ.

ಎಲ್ಲರೂ ಎದ್ದು ಕುರ್ಚಿ ಜೋಡಿಸತೊಡಗಿದರು. ಮೇಜಿನ ಹಾಸನ್ನು ಮಡಚಬೇಕಿತ್ತು. ಅದು ಪ್ರತಿ ವರ್ಷ ಪಟಾಕಿ, ಗುಬ್ಬಿ ಇಬ್ಬರ ಕೆಲಸ. ಪಟಾಕಿ ಅಭ್ಯಾಸ ಬಲದಿಂದ ಎರಡು ತುದಿ ಹಿಡಿದು ನಿಂತಳು. ಎದುರಿಗೆ ಯಾರೂ ಇರಲಿಲ್ಲ. ಗುಬ್ಬಿ ಕೂತಲ್ಲಿಂದಲೇ ಹೊಸಬಳಿಗೆ ಕಣ್ಣಲ್ಲಿ ಸನ್ನೆ ಮಾಡಿದಳು. ಹೊಸಬಳು ಬಂದು ಇನ್ನೆರಡು ತುದಿ ಹಿಡಿದಳು. ಪಟಾಕಿಗೆ ಹೊಟ್ಟೆಯಲ್ಲಿ ಆ ಹಳೆಯ ಉರಿ ಒಮ್ಮೆ ಚುರುಕ್ಕೆಂದಿತು. ಹೋಗಿಬಿಡುತ್ತದೆಯೇ ಅದು, ಇಷ್ಟು ವರ್ಷ ಸಾಕಿದ್ದು? ಅವಳು ಎಳೆಯದೆ, ಬಟ್ಟೆಯನ್ನು ಸಡಿಲವಾಗಿ ಹಿಡಿದುಕೊಂಡು ನಿಂತಳು.

"ಎಳೀರಿ ಅಕ್ಕಾ," ಅಂದಳು ಹೊಸಬಳು. "ನನ್ನ ಭುಜ ಗಟ್ಟಿಯಾಗಿದೆ."

ಪಟಾಕಿ ಗುಬ್ಬಿಯ ಕಡೆ ನೋಡಿದಳು. ಗುಬ್ಬಿ ಎಡಗೈ ಎತ್ತಿ ಕಿವಿ ಮುಚ್ಚಿಕೊಂಡಳು.

ಪಟಾಕಿ ಹಿಂದಕ್ಕೆ ವಾಲಿ ಎಳೆದಳು.